ಸಾಲಾಗಿ ನಿಂತ ಗುಳ್ಳೆಗಳು: ಚರ್ಮರೋಗ ವಿಭಾಗದ ಪರದೆಯ ಹಿಂದೆ

ಹೊರರೋಗಿ ಚೀಟಿಯಲ್ಲಿ ಹೆಚ್ಚಾಗಿ 'ತುರಿಕೆ' ಎಂದೋ 'ಅಲರ್ಜಿ' ಎಂದೋ ಬರೆಸಿರುತ್ತಾರೆ. ಕೌಂಟರಿನಲ್ಲಿ ಹಿಂದೆ ಹತ್ತು ಜನ ನಿಂತಿರುವಾಗ ಇದ್ದದ್ದನ್ನು ಇದ್ದ ಹಾಗೆ ಹೇಳಲು ಯಾರಿಗೂ ಬಾಯಿ ಬರುವುದಿಲ್ಲ. ಒಳಗೆ ಬಂದ ಮೇಲೂ ಮೊದಲು ಕೈಯನ್ನೋ ಕುತ್ತಿಗೆಯನ್ನೋ ತೋರಿಸಿ, ಪಕ್ಕದಲ್ಲಿ ಕೂತವರು ಎದ್ದು ಹೋಗುವವರೆಗೆ ಕಾದು, ಆಮೇಲೆ ದನಿ ತಗ್ಗಿಸಿ "ಸರ್, ಇನ್ನೊಂದು ವಿಷಯ ಇತ್ತು" ಎನ್ನುತ್ತಾರೆ. ಬಂದವರು ಇಪ್ಪತ್ತು ಮೂವತ್ತರ ಹುಡುಗರಾಗಿದ್ದರೆ ಆ ಇನ್ನೊಂದು ವಿಷಯ ಬಹಳ ಸಲ ಇದೇ ಆಗಿರುತ್ತದೆ: ಶಿಶ್ನದ ತುದಿಯ ಸುತ್ತ, ಇಲ್ಲವೇ ಬೀಜದ ಚೀಲದ ಮೇಲೆ, ಸಣ್ಣ ಸಣ್ಣ ಗುಳ್ಳೆ. ನಮ್ಮ ಮುಂದೆ ಕೂರುವ ಹೊತ್ತಿಗೆ ಅವರು ವಾರಗಟ್ಟಲೆ ರಾತ್ರಿ ಮೊಬೈಲಿನಲ್ಲಿ ಚಿತ್ರ ನೋಡಿ, ಏಡ್ಸ್ ಎಂದೋ ಕ್ಯಾನ್ಸರ್ ಎಂದೋ ತಾವೇ ತೀರ್ಮಾನ ಮಾಡಿಕೊಂಡಿರುತ್ತಾರೆ. ಮದುವೆ ಗೊತ್ತಾಗಿರುವವರ ಸಂಕಟವಂತೂ ಹೇಳತೀರದು.

ಈ ಗುಳ್ಳೆಗಳಲ್ಲಿ ಬಹುಪಾಲು ರೋಗವೇ ಅಲ್ಲ. ಮೂಗಿನ ಮೇಲಿನ ಮಚ್ಚೆಯ ಹಾಗೆ, ಚರ್ಮದ ಸಹಜ ರಚನೆ. ಇದನ್ನು ಹೇಳಲು ನಮಗೆ ಬೇಕಾಗುವುದು ಒಳ್ಳೆಯ ಬೆಳಕು, ಎರಡು ಕೈಗವಸು, ಐದು ನಿಮಿಷ. ಆ ಐದು ನಿಮಿಷದಲ್ಲಿ ಏನು ನಡೆಯುತ್ತದೆ ಎಂಬುದು ಮೊದಲೇ ಗೊತ್ತಿದ್ದರೆ ಬರುವವರು ಆರು ತಿಂಗಳು ತಡಮಾಡುವುದಿಲ್ಲ. ಹಾಗಾಗಿ ಪರದೆಯ ಹಿಂದೆ ನಡೆಯುವುದನ್ನು ನಡೆಯುವ ಕ್ರಮದಲ್ಲೇ ಬರೆಯುತ್ತಿದ್ದೇವೆ.

ಬರುವ ಮುಂಚೆ ಕೂದಲು ಬೋಳಿಸಬೇಡಿ. 'ಡಾಕ್ಟರಿಗೆ ಚೊಕ್ಕವಾಗಿ ಕಾಣಲಿ' ಎಂದು ಹಿಂದಿನ ರಾತ್ರಿ ರೇಜರ್ ಆಡಿಸಿಕೊಂಡು ಬರುವವರು ತುಂಬ. ಬೋಳಿಸಿದಲ್ಲಿ ಕೂದಲಿನ ಬುಡ ಕೆರಳಿ ಕೆಂಪು ಗುಳ್ಳೆ ಎದ್ದು, ಹಳೆಯದು ಯಾವುದು ಹೊಸದು ಯಾವುದು ತಿಳಿಯದಂತಾಗುತ್ತದೆ. ಬರೀ ನೀರಿನಲ್ಲಿ ತೊಳೆದುಕೊಂಡು ಬಂದರೆ ಸಾಕು. ಪೌಡರ್, ಎಣ್ಣೆ, ಕ್ರೀಮು ಏನೂ ಬೇಡ. ಈಗಾಗಲೇ ಏನಾದರೂ ಹಚ್ಚಿದ್ದರೆ ಆ ಟ್ಯೂಬನ್ನೋ ಸೀಸೆಯನ್ನೋ ಜೇಬಿನಲ್ಲಿಟ್ಟುಕೊಂಡು ಬನ್ನಿ, ಹೆಸರು ನೆನಪಿಲ್ಲ ಎಂದರೆ ಕೆಲಸ ಕೆಡುತ್ತದೆ. ಗುಳ್ಳೆ ಬಂದು ಹೋಗುವಂಥದ್ದಾದರೆ ಇರುವಾಗಲೇ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ವರ್ಷಾನುಗಟ್ಟಲೆ ಇದ್ದ ಹಾಗೇ ಇರುವ ಗುಳ್ಳೆಗೆ ಫೋಟೋ ಬೇಕಿಲ್ಲ, ನೀವು ಬಂದರೆ ಅದೂ ಬಂದಿರುತ್ತದೆ.

ಜಿಲ್ಲಾಸ್ಪತ್ರೆಗಳಲ್ಲಿ ಚರ್ಮ ಮತ್ತು ಲೈಂಗಿಕ ರೋಗ ಒಂದೇ ವಿಭಾಗ. ಬೋರ್ಡಿನಲ್ಲಿ ಆ ಎರಡನೆಯ ಪದ ಕಂಡೇ ಎಷ್ಟೋ ಜನ ಬಾಗಿಲಿಂದ ಹಿಂದೆ ಹೋಗುತ್ತಾರೆ. ಒಳಗಿನ ಸಾಲಿನಲ್ಲಿ ಕೂತವರಲ್ಲಿ ಹೆಚ್ಚಿನವರು ಹುಳುಕಡ್ಡಿ, ಮೊಡವೆ, ಸೋರಿಯಾಸಿಸ್‌ಗೆ ಬಂದವರೇ. ನೀವು ಯಾವುದಕ್ಕೆ ಬಂದಿರಿ ಎಂದು ಯಾರಿಗೂ ಗೊತ್ತಾಗುವುದಿಲ್ಲ. ಮೆಡಿಕಲ್ ಕಾಲೇಜಿನ ಆಸ್ಪತ್ರೆಯಾದರೆ ವಿದ್ಯಾರ್ಥಿಗಳಿರುತ್ತಾರೆ. ಅವರು ನೋಡುವುದು ಬೇಡ ಎನ್ನುವ ಹಕ್ಕು ನಿಮಗಿದೆ. ಹೇಳಿದರೆ ಹೊರಗೆ ಕಳಿಸುತ್ತೇವೆ, ಅದರಲ್ಲಿ ಬೇಸರಪಟ್ಟುಕೊಳ್ಳುವಂಥದ್ದೇನಿಲ್ಲ.

ಮೊದಲು ಪ್ರಶ್ನೆಗಳು. ಎಷ್ಟು ದಿನದಿಂದ ಇದೆ, ಅಥವಾ ಎಷ್ಟು ದಿನದಿಂದ ಗಮನಕ್ಕೆ ಬಂದಿದೆ? ಈ ಎರಡೂ ಒಂದೇ ಅಲ್ಲ. ಹದಿನಾರನೇ ವಯಸ್ಸಿನಿಂದ ಇದ್ದದ್ದನ್ನು ಇಪ್ಪತ್ತೈದರಲ್ಲಿ ಒಂದು ದಿನ ಕಣ್ಣಿಟ್ಟು ನೋಡಿ, 'ಹೋದ ವಾರ ಬಂತು ಸರ್' ಎನ್ನುತ್ತಾರೆ. ಸಂಖ್ಯೆ ಹೆಚ್ಚಾಗುತ್ತಿದೆಯೇ, ಗಾತ್ರ ಬೆಳೆಯುತ್ತಿದೆಯೇ? ತುರಿಕೆ, ನೋವು, ಉರಿ, ರಕ್ತ, ಕೀವು? ರಾತ್ರಿ ತುರಿಕೆ ಹೆಚ್ಚೇ, ಮನೆಯಲ್ಲಿ ಬೇರೆ ಯಾರಿಗಾದರೂ ಇದೆಯೇ? ಏನು ಹಚ್ಚಿದ್ದೀರಿ? ಕೊನೆಗೆ, ಯಾರ ಜೊತೆಗಾದರೂ ಸಂಪರ್ಕ ಆಗಿತ್ತೇ, ಯಾವಾಗ, ಕಾಂಡೋಮ್ ಇತ್ತೇ? ಇದನ್ನು ಕೇಳುವುದು ಚಾರಿತ್ರ್ಯ ಅಳೆಯುವುದಕ್ಕಲ್ಲ, ದಿನ ಲೆಕ್ಕ ಹಾಕುವುದಕ್ಕೆ. ಹರ್ಪಿಸ್ ಸಂಪರ್ಕವಾದ 2ರಿಂದ 12 ದಿನದಲ್ಲಿ ಕಾಣಿಸಿಕೊಳ್ಳುತ್ತದೆ, ಸಿಫಿಲಿಸ್ ಹುಣ್ಣು 9ರಿಂದ 90 ದಿನದಲ್ಲಿ, ನರಹುಲಿಗೆ ಕೆಲವು ವಾರಗಳಿಂದ ಎಂಟು ತಿಂಗಳವರೆಗೂ ಹಿಡಿಯಬಹುದು. ಇಲ್ಲಿ ಸುಳ್ಳು ಹೇಳಿದರೆ ಲೆಕ್ಕ ತಪ್ಪುತ್ತದೆ, ಬೇಡದ ಪರೀಕ್ಷೆ ನಡೆಯುತ್ತದೆ, ಬೇಕಾದದ್ದು ಬಿಟ್ಟುಹೋಗುತ್ತದೆ.

ಆಮೇಲೆ ಪರದೆ ಎಳೆಯುತ್ತೇವೆ. ಪ್ಯಾಂಟು ಮೊಣಕಾಲಿನವರೆಗೆ ಇಳಿಸಬೇಕು, ಅರ್ಧಂಬರ್ಧ ಸರಿಸಿದರೆ ಬೀಜದ ಚೀಲದ ಹಿಂಭಾಗವೂ ತೊಡೆಸಂದೂ ಕಾಣುವುದಿಲ್ಲ. ಮುಂದೊಗಲನ್ನು ನೀವೇ ಹಿಂದಕ್ಕೆ ಸರಿಸಬೇಕು. ಎಷ್ಟು ಸರಿಯುತ್ತದೆ, ಎಲ್ಲಿ ನೋಯುತ್ತದೆ ಎಂದು ನಿಮಗೇ ಚೆನ್ನಾಗಿ ಗೊತ್ತು. ಬಿಗಿಯಿದ್ದರೆ ಒತ್ತಾಯದಿಂದ ಎಳೆಯಬಾರದು, ಹಿಂದೆ ಸಿಕ್ಕಿಕೊಂಡು ಊದಿದರೆ ಅದು ತುರ್ತು ಪರಿಸ್ಥಿತಿ. ನೋಡುವಾಗ ಚರ್ಮವನ್ನು ಎರಡು ಬೆರಳಿನ ನಡುವೆ ಮೆಲ್ಲಗೆ ಹಿಗ್ಗಿಸುತ್ತೇವೆ. ಹಿಗ್ಗಿಸಿದಾಗ ಎದ್ದು ಕಾಣುವುದು ಯಾವುದು, ಅಡಗುವುದು ಯಾವುದು ಎಂಬುದರಲ್ಲೇ ಅರ್ಧ ಉತ್ತರ ಸಿಗುತ್ತದೆ. ತೊಡೆಸಂದಿನಲ್ಲಿ ಗಡ್ಡೆ ಊದಿದೆಯೇ ಎಂದು ಒತ್ತಿ ನೋಡುತ್ತೇವೆ. ಕೊನೆಗೆ ಬಾಯಿ, ಅಂಗೈ, ಅಂಗಾಲು. 'ಅಲ್ಲಿಗೂ ಬಾಯಿಗೂ ಏನು ಸಂಬಂಧ' ಎಂದು ಮುಖ ನೋಡುತ್ತಾರೆ, ಸಂಬಂಧ ಮುಂದೆ ಬರುತ್ತದೆ.

ಅತಿ ಹೆಚ್ಚು ಜನರನ್ನು ಇಲ್ಲಿಗೆ ತರುವುದು ತುದಿಯ ಅಂಚಿನ ಗುಳ್ಳೆ. ಪುಸ್ತಕದ ಹೆಸರು ಪರ್ಲಿ ಪೀನೈಲ್ ಪ್ಯಾಪ್ಯೂಲ್ಸ್, ಮುತ್ತಿನಂಥ ಗುಳ್ಳೆಗಳು. ಶಿಶ್ನದ ತುದಿಯ ಹಿಂಬದಿಯ ಉಬ್ಬಿದ ಅಂಚಿನ ಗುಂಟ ಒಂದು ಸಾಲು, ಕೆಲವರಲ್ಲಿ ಎರಡು ಮೂರು ಸಾಲು. ಒಂದೊಂದೂ ಗಸಗಸೆಯಿಂದ ಸಾಸಿವೆಯಷ್ಟು, 1ರಿಂದ 3 ಮಿಲಿಮೀಟರ್. ಬಣ್ಣ ಚರ್ಮದ್ದೇ, ಇಲ್ಲವೇ ತುಸು ಬಿಳುಪು. ಮೇಲ್ಭಾಗದಲ್ಲಿ ಒತ್ತಾಗಿ, ಕೆಳಗೆ ಬಂದಂತೆ ಚಿಕ್ಕದಾಗುತ್ತವೆ. ನೋಡಿ ಅಭ್ಯಾಸವಾದ ಕಣ್ಣಿಗೆ ಅವುಗಳ ಶಿಸ್ತೇ ಗುರುತು: ಕುಪ್ಪಸದ ಅಂಚಿಗೆ ಮಣಿ ಕೂಡಿಸಿದಂತೆ, ಒಂದೇ ಅಳತೆ, ಒಂದೇ ಆಕಾರ, ಒಂದರ ಮೇಲೊಂದು ಹತ್ತದೆ ಪಕ್ಕಪಕ್ಕ. ಡರ್ಮೋಸ್ಕೋಪ್ ಎಂಬ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಕೈದೀಪ ಹಿಡಿದರೆ ಪ್ರತಿ ಮಣಿಯ ನಡುವೆ ಚುಕ್ಕೆಯಂತೆ ಅಥವಾ ಅಲ್ಪವಿರಾಮದಂತೆ ಬಾಗಿದ ಒಂದು ಕೆಂಪು ರಕ್ತನಾಳ, ಸುತ್ತ ಬಿಳಿಯ ಅರ್ಧಚಂದ್ರ. ನಾವು ಆ ಚಿತ್ರವನ್ನು ಮೊಬೈಲಿನಲ್ಲಿ ತೆಗೆದು ಅವರಿಗೇ ತೋರಿಸುವುದುಂಟು, ಅವರ ಮೊಬೈಲಿನಲ್ಲೇ. ನೂರು ಮಾತು ಮಾಡದ ಕೆಲಸವನ್ನು ಆ ಒಂದು ನೋಟ ಮಾಡುತ್ತದೆ.

ಹರೆಯ ಬಂದ ಮೇಲೆ ಇವು ಕಾಣಿಸಿಕೊಳ್ಳುತ್ತವೆ, ವಯಸ್ಸಾದಂತೆ ತಾವಾಗಿಯೇ ತಗ್ಗುತ್ತವೆ. ಬೇರೆ ಬೇರೆ ಅಧ್ಯಯನಗಳು ನೂರಕ್ಕೆ 14ರಿಂದ 48 ಗಂಡಸರಲ್ಲಿ ಇವೆ ಎನ್ನುತ್ತವೆ. ಸುನ್ನತಿ ಆದವರಲ್ಲಿ ಕಡಿಮೆ. ಒಳಗಿರುವುದು ನಾರು ಮತ್ತು ಸಣ್ಣ ರಕ್ತನಾಳ, ಅಷ್ಟೇ. ಕೀವಿಲ್ಲ, ವೈರಸ್ಸಿಲ್ಲ. ತೊಳೆಯದೆ ಇದ್ದುದರಿಂದ ಬಂದದ್ದಲ್ಲ, ಹಸ್ತಮೈಥುನದಿಂದ ಬಂದದ್ದಲ್ಲ, ಮೈ ಉಷ್ಣ ಆದದ್ದರಿಂದಲೂ ಅಲ್ಲ. ಹೆಂಡತಿಗೆ ಅಂಟುವುದಿಲ್ಲ, ಮಕ್ಕಳಾಗುವುದಕ್ಕೆ ಅಡ್ಡಿಯಿಲ್ಲ.

ಇದರ ಜೊತೆಗೇ ಹೇಳಬೇಕಾದ್ದು ಮುಂದೊಗಲಿನ ಕೆಳಗಿನ ಎಳೆಯ ಎಡಬಲದಲ್ಲಿ ಇರುವ ಜೋಡಿ ಗುಳ್ಳೆ. ಹದಿನೇಳನೇ ಶತಮಾನದ ಇಂಗ್ಲಿಷ್ ಅಂಗರಚನಾ ತಜ್ಞ ಎಡ್ವರ್ಡ್ ಟೈಸನ್ ಹೆಸರಿನಲ್ಲಿ ಟೈಸನ್ ಗ್ರಂಥಿ ಎನ್ನುತ್ತಾರೆ. ಎರಡೂ ಕಡೆ ಸರಿಸಮನಾಗಿ ಇದ್ದರೆ ಅದು ಸಹಜ ರಚನೆ.

ಇನ್ನು ಫೋರ್ಡೈಸ್ ಚುಕ್ಕೆ. ಅಮೆರಿಕದ ಚರ್ಮವೈದ್ಯ ಜಾನ್ ಆಡಿಸನ್ ಫೋರ್ಡೈಸ್ 1896ರಲ್ಲಿ ಬರೆದಿಟ್ಟದ್ದು. ಶಿಶ್ನದ ಕಾಂಡದ ಮೇಲೆ, ಬೀಜದ ಚೀಲದ ಮೇಲೆ ರವೆ ಚೆಲ್ಲಿದ ಹಾಗೆ ತಿಳಿಹಳದಿ ಚುಕ್ಕೆಗಳು. ಚರ್ಮ ಸಡಿಲ ಇರುವಾಗ ಕಾಣುವುದೇ ಇಲ್ಲ, ಹಿಗ್ಗಿಸಿದರೆ ಒಮ್ಮೆಗೇ ನೂರಾರು. ಅದಕ್ಕೇ ನಿಮಿರಿದಾಗ ಮಾತ್ರ ಬರುತ್ತದೆ ಎಂದು ರೋಗಿಗಳು ಹೇಳುವುದು. ಇವು ಎಣ್ಣೆ ಗ್ರಂಥಿಗಳು. ಬೇರೆ ಕಡೆ ಕೂದಲಿನ ಬುಡಕ್ಕೆ ಎಣ್ಣೆ ಕೊಡುವ ಗ್ರಂಥಿ ಇಲ್ಲಿ ಕೂದಲಿಲ್ಲದೆ ಒಂಟಿಯಾಗಿ ಕೂತಿದೆ. ಈಗ ಬಾಯಿಯ ಸಂಬಂಧ: ಕನ್ನಡಿ ಕೊಟ್ಟು ಮೇಲ್ತುಟಿಯನ್ನು ಹಿಗ್ಗಿಸಿ ನೋಡಿ ಎನ್ನುತ್ತೇವೆ. ತುಟಿಯ ಅಂಚಿನಲ್ಲೋ ಕೆನ್ನೆಯ ಒಳಗೋ ಬಹಳ ಜನಕ್ಕೆ ಅದೇ ಹಳದಿ ಚುಕ್ಕೆ ಸಿಗುತ್ತದೆ. 'ಇದು ಚಿಕ್ಕಂದಿನಿಂದ ಇದೆಯಲ್ಲ ಸರ್' ಎಂದು ಅವರೇ ಹೇಳುತ್ತಾರೆ. ಕೆಳಗಿನದೂ ಅದೇ. ಹಿಂಡಿದರೆ ಒಮ್ಮೊಮ್ಮೆ ಬೆಣ್ಣೆಯಂಥದ್ದು ಚೂರು ಬರುತ್ತದೆ, ಆಮೇಲೆ ಕೆರಳಿ ಕೆಂಪಾಗಿ ನಿಜವಾದ ಹುಣ್ಣಾಗುತ್ತದೆ. ಹಿಂಡಬೇಡಿ.

ನಲವತ್ತು ದಾಟಿದವರು ತರುವುದು ಬೇರೆ: ಬೀಜದ ಚೀಲದ ಮೇಲೆ ಕಡುಗೆಂಪಿನಿಂದ ಕಪ್ಪುನೀಲಿಯ ಚುಕ್ಕೆಗಳು, ರಾಗಿಕಾಳು ಅಂಟಿಸಿದಂತೆ. ಇದಕ್ಕೂ ಫೋರ್ಡೈಸ್ ಹೆಸರೇ, ಆಂಜಿಯೋಕೆರಟೋಮಾ. ಹಿಗ್ಗಿದ ಸಣ್ಣ ರಕ್ತನಾಳದ ಮೇಲೆ ಚರ್ಮ ದಪ್ಪಗಾದದ್ದು. ತಾನಾಗಿ ತೊಂದರೆ ಕೊಡುವುದಿಲ್ಲ, ಆದರೆ ಉಗುರು ತಾಗಿದರೆ ಅಥವಾ ಬಟ್ಟೆ ಉಜ್ಜಿದರೆ ಗಾತ್ರಕ್ಕೆ ಮೀರಿ ರಕ್ತ ಹರಿಯುತ್ತದೆ. ಬೆಳಿಗ್ಗೆ ಒಳಚಡ್ಡಿ ನೋಡಿ ಗಾಬರಿಯಿಂದ ತುರ್ತು ವಿಭಾಗಕ್ಕೆ ಓಡಿಬರುತ್ತಾರೆ. ಮಾಡಬೇಕಾದ್ದು ಇಷ್ಟು: ಶುಭ್ರ ಬಟ್ಟೆಯನ್ನು ಮಡಿಸಿ ಬೆರಳಿಂದ 10 ನಿಮಿಷ ಒತ್ತಿಹಿಡಿಯಿರಿ, ನಡುನಡುವೆ ತೆಗೆದು ನೋಡದೆ. ತೆಗೆದು ನೋಡಿದರೆ ಆಗಷ್ಟೇ ಕಟ್ಟಿದ ಹೆಪ್ಪು ಕಿತ್ತುಬರುತ್ತದೆ. ಪದೇ ಪದೇ ಸೋರುವುದನ್ನು ಲೇಸರಿನಿಂದಲೋ ವಿದ್ಯುತ್ ಸೂಜಿಯಿಂದಲೋ ಸುಡಬಹುದು. ಇವರನ್ನು ನಿಲ್ಲಿಸಿ ಕೆಮ್ಮಿಸಿ ವೆರಿಕೋಸೀಲ್ (ಬೀಜದ ಮೇಲಿನ ಅಭಿಧಮನಿಗಳ ಊತ), ಹರ್ನಿಯಾ ಇದೆಯೇ ಎಂದೂ ನೋಡುತ್ತೇವೆ, ಅಭಿಧಮನಿಯಲ್ಲಿ ಒತ್ತಡ ಹೆಚ್ಚಿದ್ದರೆ ಚುಕ್ಕೆ ಹೆಚ್ಚುತ್ತದೆ. ಒಂದೇ ಒಂದು ಎಚ್ಚರಿಕೆ: ಇಂಥ ಚುಕ್ಕೆಗಳು ಹುಡುಗನಿದ್ದಾಗಲೇ ಬಂದು, ಹೊಕ್ಕುಳಿನಿಂದ ತೊಡೆಯವರೆಗೆ ಹರಡಿ, ಜೊತೆಗೆ ಕೈಕಾಲು ಉರಿ, ಬೆವರು ಕಡಿಮೆ ಎಂದಿದ್ದರೆ ಫ್ಯಾಬ್ರಿ ಎಂಬ ಅಪರೂಪದ ವಂಶವಾಹಿ ಕಾಯಿಲೆಯನ್ನು ಹುಡುಕಬೇಕು. ಅದು ಮೂತ್ರಪಿಂಡಕ್ಕೂ ಹೃದಯಕ್ಕೂ ತಾಗುತ್ತದೆ.

ಬೀಜದ ಚೀಲದ ಚರ್ಮದೊಳಗೆ ಗಟ್ಟಿಯಾಗಿ ಉರುಳುವ ಬಿಳಿ ಗಂಟುಗಳು, ಬಟಾಣಿಯಿಂದ ಅಡಿಕೆಯಷ್ಟು, ಚರ್ಮದ ಚೀಲಗಂಟುಗಳು. ಕೆಲವರಲ್ಲಿ ಅವೇ ಸುಣ್ಣಗಟ್ಟಿ ಹರಳಿನಂತಾಗುತ್ತವೆ. ನೋವಿಲ್ಲದಿದ್ದರೆ ಬಿಡಬಹುದು. ತೆಗೆಸಿದರೆ ಗೋಡೆಸಮೇತ ತೆಗೆಸಬೇಕು, ಬರೀ ಒಳಗಿನದನ್ನು ಹಿಂಡಿದರೆ ತಿಂಗಳೊಪ್ಪತ್ತಿನಲ್ಲಿ ಮತ್ತೆ ತುಂಬಿಕೊಳ್ಳುತ್ತದೆ. ಗಮನಿಸಿ, ಚರ್ಮದ ಜೊತೆ ಸರಿಯುವ ಗಂಟು ಇದು. ಬೀಜದ ಮೇಲೇ ಗಟ್ಟಿಯಾಗಿ ಅಂಟಿಕೊಂಡಿರುವ ಗಂಟಾದರೆ ಅದು ನಮ್ಮ ಕೋಣೆಯದಲ್ಲ, ಅದೇ ವಾರ ಸರ್ಜನ್ನರಿಗೆ ತೋರಿಸಿ ಸ್ಕ್ಯಾನ್ ಮಾಡಿಸಬೇಕು.

ಹೊಸದಾಗಿ ಮದುವೆಯಾದವರಲ್ಲಿ ತುದಿಯ ಹಿಂದೆ ಅಡ್ಡಲಾಗಿ ಹುರಿದಾರದಂತೆ ಗಟ್ಟಿಯಾದ ಒಂದು ಎಳೆ ಎದ್ದು ಭಯಪಡಿಸುವುದುಂಟು. ಉಜ್ಜಾಟದಿಂದ ದುಗ್ಧನಾಳ, ಅಂದರೆ ಚರ್ಮದಡಿಯ ತಿಳಿದ್ರವ ಹರಿಯುವ ಸಣ್ಣ ನಾಳ (ಲಿಂಫ್ ನಾಳ), ಊದಿದ್ದು. ನಾಲ್ಕರಿಂದ ಆರು ವಾರ ಸಂಪರ್ಕ ನಿಲ್ಲಿಸಿದರೆ ಸಾಮಾನ್ಯವಾಗಿ ತಾನಾಗಿ ಕರಗುತ್ತದೆ.

ಹಾಗಾದರೆ ಯಾವುದು ನಿರುಪದ್ರವಿಯಲ್ಲ? ನರಹುಲಿಗೆ ಶಿಸ್ತಿಲ್ಲ. ಒಂದು ಇಲ್ಲಿ, ಎರಡು ಅಲ್ಲಿ, ಒಂದು ದೊಡ್ಡದು ಒಂದು ಚಿಕ್ಕದು, ಮೇಲ್ಮೈ ಹೂಕೋಸಿನಂತೆ ಒರಟು, ವಾರವಾರಕ್ಕೆ ಬೆಳೆಯುತ್ತದೆ. ಹತ್ತರಲ್ಲಿ ಒಂಬತ್ತಕ್ಕೆ ಎಚ್‌ಪಿವಿ ವೈರಸ್ಸಿನ 6 ಮತ್ತು 11ನೇ ತಳಿ ಕಾರಣ. ಮೊಲಸ್ಕಮ್ ಎಂಬ ಇನ್ನೊಂದು ವೈರಸ್ ಸೋಂಕಿನ ಗುಳ್ಳೆ ನುಣುಪು, ಮೇಣದ ಹೊಳಪು, ನಡುವೆ ಹೊಕ್ಕುಳಿನಂಥ ತಗ್ಗು. ಕಜ್ಜಿಯ ಗಂಟು ಕೆಂಪಗೆ, ರಾತ್ರಿ ನಿದ್ದೆಗೆಡಿಸುವಷ್ಟು ತುರಿಕೆ, ಬೆರಳಸಂದಿಯಲ್ಲೂ ಗುರುತು. ಇದಕ್ಕೆ ಪರ್ಮೆಥ್ರಿನ್ 5 ಪರ್ಸೆಂಟ್ ಕ್ರೀಮನ್ನು ಕುತ್ತಿಗೆಯಿಂದ ಪಾದದವರೆಗೆ ರಾತ್ರಿ ಹಚ್ಚಿ 8ರಿಂದ 12 ಗಂಟೆ ಬಿಟ್ಟು ತೊಳೆದು, ವಾರ ಬಿಟ್ಟು ಮತ್ತೊಮ್ಮೆ ಹಚ್ಚಬೇಕು, ಮನೆಮಂದಿಯೆಲ್ಲ ಒಂದೇ ರಾತ್ರಿ. ಹರ್ಪಿಸ್ ನೀರುಗುಳ್ಳೆ ಗೊಂಚಲಾಗಿ ಬಂದು ಒಡೆದು ಉರಿಯುತ್ತದೆ. ನಮಗೆ ಹೆಚ್ಚು ಆತಂಕ ನೋವಿಲ್ಲದ ಹುಣ್ಣಿನ ಬಗ್ಗೆ. ಸಿಫಿಲಿಸ್‌ನ ಮೊದಲ ಹುಣ್ಣು ನೋಯುವುದಿಲ್ಲ, ಔಷಧಿಯಿಲ್ಲದೆ ಮಾಯುತ್ತದೆ, ರೋಗ ಮಾತ್ರ ಒಳಗೇ ಉಳಿಯುತ್ತದೆ. ಅಂಗೈ ಅಂಗಾಲು ನೋಡುವುದು ಅದರ ಎರಡನೇ ಹಂತದ ಮಚ್ಚೆಗಾಗಿ. ವಾರಗಟ್ಟಲೆ ಮಾಯದ ಹುಣ್ಣು, ಮಾಸದ ಕೆಂಪು ಪಟ್ಟೆ, ಬಿಗಿಯಾಗುತ್ತಿರುವ ಬಿಳಿ ಚರ್ಮ ಇದ್ದರೆ ಮರಗಟ್ಟಿಸಿ ಸಣ್ಣ ಚೂರು ತೆಗೆದು ಬಯಾಪ್ಸಿಗೆ ಕಳಿಸುತ್ತೇವೆ. ಸಾಲುಗುಳ್ಳೆಗೆ ಬಯಾಪ್ಸಿ ಬೇಕಾಗುವುದು ತೀರಾ ವಿರಳ.

ಅಪಾಯದ ಸಂಪರ್ಕ ಆಗಿದ್ದರೆ ಗುಳ್ಳೆ ಏನೇ ಇರಲಿ ರಕ್ತಪರೀಕ್ಷೆ ಮಾಡಿಸುವುದು ಒಳ್ಳೆಯದು. ಜಿಲ್ಲಾಸ್ಪತ್ರೆಯ ಐಸಿಟಿಸಿಯಲ್ಲಿ (ಆಪ್ತಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರ) ಎಚ್‌ಐವಿ ಪರೀಕ್ಷೆ ಉಚಿತ, ನಿಮ್ಮ ಒಪ್ಪಿಗೆ ಇಲ್ಲದೆ ಮಾಡುವಂತಿಲ್ಲ, ಫಲಿತಾಂಶ ಗುಟ್ಟಾಗಿಡಬೇಕೆಂದು 2017ರ ಕಾಯ್ದೆಯೇ ಇದೆ. ತೀರಾ ಬೇಗ ಮಾಡಿಸಿದರೆ ಸೋಂಕಿದ್ದೂ ಕಾಣದಿರಬಹುದು, ಮೂರು ತಿಂಗಳಿಗೆ ಇನ್ನೊಮ್ಮೆ ಮಾಡಿಸಬೇಕು. ಬಾಯಿಬಿಟ್ಟು ಕೇಳಲು ಸಂಕೋಚವಾದರೆ 1097ಕ್ಕೆ ಉಚಿತವಾಗಿ ಫೋನ್ ಮಾಡಬಹುದು.

ನಿಜವಾಗಿ ಹೊಟ್ಟೆ ಉರಿಯುವುದು ಗುಳ್ಳೆ ನೋಡಿ ಅಲ್ಲ, ಅದಕ್ಕೆ ಮಾಡಿಕೊಂಡು ಬಂದ ಆರೈಕೆ ನೋಡಿ. ಸುಣ್ಣ ಸೋಪು ಕಲಸಿ ಹಚ್ಚಿಕೊಂಡವರು, ಗೇರುಬೀಜದ ಸಿಪ್ಪೆಯ ಎಣ್ಣೆ ಮುಟ್ಟಿಸಿಕೊಂಡವರು, ಟೂತ್‌ಪೇಸ್ಟ್ ಬಳಿದವರು, ಉಗುರು ಕತ್ತರಿಯಿಂದ ಕತ್ತರಿಸಿಕೊಂಡವರು. ಕಾಲಿನ ನರಹುಲಿಗೆ ಕೊಡುವ ಸ್ಯಾಲಿಸಿಲಿಕ್ ಮತ್ತು ಲ್ಯಾಕ್ಟಿಕ್ ಆಮ್ಲದ ದ್ರಾವಣದಲ್ಲಿ ಎರಡೂ 16.7 ಪರ್ಸೆಂಟ್ ಇರುತ್ತವೆ. ಅಂಗಾಲಿನ ದಪ್ಪ ಚರ್ಮಕ್ಕೆ ಅದು ಸರಿ, ಇಲ್ಲಿ ಹಚ್ಚಿದರೆ ಎರಡೇ ದಿನಕ್ಕೆ ಚರ್ಮ ಬೆಳ್ಳಗಾಗಿ ಸುಲಿಯುತ್ತದೆ. ವಿನಿಗರ್ ಹಚ್ಚಿ ಬೆಳ್ಳಗಾದರೆ ನರಹುಲಿ ಎಂದು ಯಾರೋ ಹೇಳಿದ್ದನ್ನು ಕೇಳಿ ಮಾಡಿಕೊಂಡವರೂ ಇದ್ದಾರೆ. ಆ ಪರೀಕ್ಷೆಯನ್ನು ನಾವೇ ನಂಬುವುದಿಲ್ಲ, ತುರಿಸಿದ ಚರ್ಮವೂ ಉಜ್ಜಿದ ಚರ್ಮವೂ ವಿನಿಗರಿಗೆ ಬೆಳ್ಳಗಾಗುತ್ತದೆ.

ಎಲ್ಲಕ್ಕಿಂತ ಹೆಚ್ಚು ಕೆಡಿಸುವುದು ಮೆಡಿಕಲ್ ಶಾಪಿನಲ್ಲಿ ಕೇಳಿದ ಕೂಡಲೇ ಕೊಡುವ ಮೂರು ನಾಲ್ಕು ಮದ್ದು ಬೆರೆಸಿದ ಕ್ರೀಮು. ಅದರಲ್ಲಿ ಬಲವಾದ ಸ್ಟೀರಾಯ್ಡ್ ಇರುತ್ತದೆ. 1967ರಲ್ಲಿ ಅಮೆರಿಕದಲ್ಲಿ ಅಳೆದು ನೋಡಿದಾಗ, ಹಚ್ಚಿದ ಸ್ಟೀರಾಯ್ಡನ್ನು ಬೀಜದ ಚೀಲದ ಚರ್ಮ ಮುಂಗೈಗಿಂತ ಸುಮಾರು 40 ಪಟ್ಟು ಹೆಚ್ಚು ಹೀರಿಕೊಂಡಿತ್ತು. ಮೊದಲ ವಾರ ಹಾಯೆನಿಸುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ಈರುಳ್ಳಿ ಸಿಪ್ಪೆಯಂತೆ ತೆಳುವಾಗಿ, ಕೆಂಪಾಗಿ, ನಿಲ್ಲಿಸಿದ ಕೂಡಲೇ ಬೆಂಕಿ ಇಟ್ಟಂತೆ ಉರಿಯುತ್ತದೆ. ಉರಿಗೆ ಮತ್ತೆ ಅದೇ ಕ್ರೀಮು. ಆ ಸುಳಿಯಿಂದ ಹೊರಬರಲು ತಿಂಗಳುಗಳು ಹಿಡಿಯುತ್ತವೆ, ಗುಳ್ಳೆಯಂತೂ ಇದ್ದಲ್ಲೇ ಇರುತ್ತದೆ.

ಇಷ್ಟೆಲ್ಲ ಕೇಳಿಯೂ ತೆಗೆಸಲೇಬೇಕು ಎನ್ನುವವರಿರುತ್ತಾರೆ. ದಿನವೂ ಮನಸ್ಸನ್ನು ಕೊರೆಯುತ್ತಿದ್ದರೆ ಅದನ್ನು ತಳ್ಳಿಹಾಕಲಾಗದು. ಮುತ್ತಿನ ಗುಳ್ಳೆಗೆ ಕಾರ್ಬನ್ ಡೈಆಕ್ಸೈಡ್ ಲೇಸರ್ ರೂಢಿಯಲ್ಲಿದೆ. ಲಿಗ್ನೋಕೇನ್, ಪ್ರಿಲೋಕೇನ್ ತಲಾ 2.5 ಪರ್ಸೆಂಟ್ ಇರುವ ಕ್ರೀಮನ್ನು ದಪ್ಪಗೆ ಹಚ್ಚಿ ಮರಗಟ್ಟಿಸುತ್ತಾರೆ. ಇಲ್ಲಿನ ಚರ್ಮ ತೆಳುವಾದ್ದರಿಂದ ಕೈಗೆ ಹಚ್ಚಿದಂತೆ ಗಂಟೆಗಟ್ಟಲೆ ಬಿಡುವುದು ಬೇಡ. ಒಂದೊಂದೇ ಮಣಿಯನ್ನು ಚರ್ಮದ ಮಟ್ಟಕ್ಕೆ ಸವರುತ್ತಾರೆ, ಅದಕ್ಕಿಂತ ಆಳಕ್ಕೆ ಹೋದರೆ ಕಲೆ. ಆಮೇಲೆ ದಿನಕ್ಕೆರಡು ಸಲ ನೀರಿನಲ್ಲಿ ತೊಳೆದು ಪೆಟ್ರೋಲಿಯಂ ಜೆಲ್ಲಿ ಹಚ್ಚುವುದು. ಮಾಯಲು ಒಂದೆರಡು ವಾರ, ಪೂರ್ತಿ ಮಾಯುವ ತನಕ ಸಂಪರ್ಕ ಬೇಡ. ರಾತ್ರಿ ತಾನಾಗಿ ನಿಮಿರುವಾಗ ಗಾಯ ಎಳೆಯುತ್ತದೆ, ಇದನ್ನು ಮೊದಲೇ ಹೇಳದಿದ್ದರೆ ಹೆದರುತ್ತಾರೆ. ನಮ್ಮ ಮೈಬಣ್ಣದಲ್ಲಿ ಸುಟ್ಟ ಜಾಗ ಬೆಳ್ಳಗೆ ಉಳಿಯುವ ಸಾಧ್ಯತೆಯಿದೆ, ಕೆಲವರಲ್ಲಿ ಗುಳ್ಳೆ ಮರಳುವುದೂ ಇದೆ. ಸಹಜವಾಗಿದ್ದದ್ದನ್ನು ತೆಗೆಸಿ ಬಿಳಿ ಚುಕ್ಕೆಯ ಸಾಲು ಪಡೆಯುವುದು ಬೇಡ ಎಂಬುದೇ ನಮ್ಮ ಅಭಿಪ್ರಾಯ. ಫೋರ್ಡೈಸ್ ಚುಕ್ಕೆಗಂತೂ ಲೇಸರ್ ಬೇಡವೇ ಬೇಡ, ನೂರಾರು ಕಡೆ ಸುಡಬೇಕಾಗುತ್ತದೆ.

ಮದ್ದು ಬರೆಯದೆ ಚೀಟಿ ವಾಪಸು ಕೊಟ್ಟರೆ ರೋಗಿಗೆ ಸಮಾಧಾನವಾಗುವುದಿಲ್ಲ, ಸರಿಯಾಗಿ ನೋಡಲಿಲ್ಲ ಎನಿಸುತ್ತದೆ. ಹಾಗಾಗಿ ಗುಳ್ಳೆಯ ಪೂರ್ತಿ ಹೆಸರನ್ನು ಚೀಟಿಯಲ್ಲಿ ಬಿಡಿಸಿ ಬರೆದು, ಕೆಳಗೆ 'ಸಹಜ ರಚನೆ, ಔಷಧಿ ಬೇಡ' ಎಂದು ಸೇರಿಸುತ್ತೇವೆ. ನಿಮ್ಮ ಡಾಕ್ಟರು ಬರೆಯದಿದ್ದರೆ ಕೇಳಿ ಬರೆಸಿಕೊಳ್ಳಿ. ಇನ್ನೊಂದು ಆಸ್ಪತ್ರೆಗೆ ಹೋದಾಗ ಅದು ಮೊದಲಿಂದ ಶುರುವಾಗುವುದನ್ನು ತಪ್ಪಿಸುತ್ತದೆ. ಮದುವೆ ಆಗಿರುವವರಿಗೆ ಮುಂದಿನ ಸಲ ಬೇಕಿದ್ದರೆ ಹೆಂಡತಿಯನ್ನೂ ಕರೆತನ್ನಿ ಎನ್ನುತ್ತೇವೆ. ಕೆಲವರು ಕರೆತರುತ್ತಾರೆ. ಆಗ ಅದೇ ಚೀಟಿ, ಅದೇ ಡರ್ಮೋಸ್ಕೋಪಿನ ಚಿತ್ರ ಮುಂದಿಟ್ಟು ಇಬ್ಬರಿಗೂ ಒಟ್ಟಿಗೆ ಹೇಳುತ್ತೇವೆ: ಇದು ಅಂಟುವುದಿಲ್ಲಮ್ಮ, ಮೂರು ತಿಂಗಳಲ್ಲಿ ಸಂಖ್ಯೆ, ಗಾತ್ರ, ಬಣ್ಣ ಬದಲಾಗದೆ ಇದ್ದರೆ ಮತ್ತೆ ಬರುವುದೂ ಬೇಡ.